ಲೋಡರ್ ಕಟ್ಟಿದ ಸಣ್ಣ ಟ್ರ್ಯಾಕ್ಟರ್: ಮುಂದಿನ ಟಯರ್ ಯಾಕೆ ಹಾಳಾಗುತ್ತದೆ, ಹೊಸದು ಯಾವುದು ಹಾಕಬೇಕು

ನಮ್ಮ ಟ್ರ್ಯಾಕ್ಟರ್ 27 ಎಚ್‌ಪಿಯದು, ಫೋರ್ ವೀಲ್ ಡ್ರೈವ್. ಅಡಿಕೆ ಸಾಲಿನ ನಡುವೆ ನುಗ್ಗುತ್ತದೆ ಅಂತಲೇ ತೆಗೆದುಕೊಂಡದ್ದು. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ಗುಡ್ಡೆಯ ಬುಡದಲ್ಲಿ ತೋಟ. ಮೇಲೆ ಹಟ್ಟಿ, ಕೆಳಗೆ ನೀರು ಹರಿಯುವ ಕಣಿ, ನಡುವೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ದಾರಿ. ಎರಡು ವರ್ಷ ಟ್ರೈಲರ್ ಎಳೆಯುವುದು, ಮದ್ದು ಬಿಡುವ ಪಂಪು ಓಡಿಸುವುದು ಇಷ್ಟೇ ಕೆಲಸ, ಏನೂ ತೊಂದರೆ ಇರಲಿಲ್ಲ. ಆಮೇಲೆ ಮುಂದೆ ಲೋಡರ್, ಅಂದರೆ ಮಣ್ಣು ಗೊಬ್ಬರ ತುಂಬಿ ಎತ್ತುವ ಬಕೆಟ್ ಕಟ್ಟಿಸಿದೆ. ಅಲ್ಲಿಂದ ಹನ್ನೊಂದು ತಿಂಗಳಲ್ಲಿ ಮುಂದಿನ ಟಯರ್ ಮೂರು ಹೋದವು.

ಮೂರರಲ್ಲಿ ಎರಡನ್ನು ನಾನೇ ಹಾಳು ಮಾಡಿದ್ದು. ಟಯರ್ ಕಳಪೆ ಅಂತ ಬೈದು ಹೊಸದು ಹಾಕಿದೆ, ಅದೂ ಹೋಯಿತು. ಕೊನೆಗೆ ತೂಕ ಮಾಡಿ ನೋಡಿದಾಗ ಗೊತ್ತಾಯಿತು, ತಪ್ಪು ಟಯರಿನದ್ದಲ್ಲ, ಅದರ ಮೇಲೆ ನಾನು ಹೇರಿದ ಭಾರದ್ದು. ನಿಮ್ಮದೂ ಇದೇ ಕಥೆಯಾಗಿದ್ದರೆ ದುಡ್ಡು ಬಿಚ್ಚುವ ಮೊದಲು ಈ ಕ್ರಮದಲ್ಲಿ ನೋಡುತ್ತಾ ಬನ್ನಿ.

ಮೊದಲು ಗಾಳಿ

ಬಕೆಟ್ ತುಂಬಿ ಎತ್ತಿದಾಗ ಮುಂದಿನ ಟಯರ್ ಅಪ್ಪಚ್ಚಿಯಾದಂತೆ ಕಂಡರೆ ಗಾಳಿ ಅಳೆಯುವ ಗೇಜ್ ತನ್ನಿ. ಕಾಲಲ್ಲಿ ಒದ್ದು "ಗಾಳಿ ಉಂಟು" ಅನ್ನುವುದು ನಮ್ಮ ಕಡೆಯ ಪದ್ಧತಿ. ದಪ್ಪ ಬದಿಯ ಟ್ರ್ಯಾಕ್ಟರ್ ಟಯರಿಗೆ ಅದು ನಡೆಯುವುದಿಲ್ಲ. ಅರ್ಧ ಗಾಳಿ ಇದ್ದರೂ ಖಾಲಿ ನಿಂತಾಗ ಗಟ್ಟಿಯಾಗಿಯೇ ಕಾಣುತ್ತದೆ. ಪೇಟೆಯ ಪಂಚರ್ ಅಂಗಡಿಯ ಇಚ್ಚ ದೂರದಿಂದಲೇ ನೋಡಿ "ಕಾಟ್ಟ್ ಕೊರವಾಣ್ ಭಟ್ರೇ" ಎಂದಿದ್ದರು, ಗಾಳಿ ಕಮ್ಮಿ ಅಂತ. ನಾನು ನಂಬಲಿಲ್ಲ. ಗೇಜ್ ಇಟ್ಟರೆ 19 ಪಿಎಸ್‌ಐ. ಟಯರಿನ ಬದಿಯಲ್ಲಿ ಬರೆದದ್ದು 32.

ಅಳೆಯುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಓಡಿ ಬಿಸಿಯಾದ ಟಯರ್ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ಕೆಟ್ಟಿರಿ. ಗಾಡಿಯ ಪುಸ್ತಕದಲ್ಲಿ ಉಳುಮೆಗೆ ಒಂದು ಒತ್ತಡ, ಲೋಡರಿಗೆ ಒಂದು ಒತ್ತಡ ಕೊಟ್ಟಿದ್ದರೆ ಲೋಡರಿನದ್ದನ್ನೇ ಇಟ್ಟುಕೊಳ್ಳಿ. ಟಯರಿನ ಬದಿಯಲ್ಲಿ ಬರೆದ ಗರಿಷ್ಠಕ್ಕಿಂತ ಮೇಲೆ ಮಾತ್ರ ಹೋಗಬೇಡಿ. ವಾರದಲ್ಲಿ ನಾಲ್ಕೈದು ಪಿಎಸ್‌ಐ ಇಳಿಯುತ್ತಿದ್ದರೆ ವಾಲ್ವಿನ ಬಾಯಿಗೆ ಸೋಪಿನ ನೀರು ಹಾಕಿ. ಗುಳ್ಳೆ ಬಂದರೆ ವಾಲ್ವ್ ಪಿನ್ ಬದಲಿಸಿದರೆ ಸಾಕು, ತುಂಬಾ ಸಲ ಇಷ್ಟೇ ಇರುವುದು.

ಗಾಳಿ ಸರಿ ಇದ್ದೂ ಟಯರ್ ಕುಗ್ಗುತ್ತದೆಯಾ? ಹಾಗಾದರೆ ಮುಂದೆ ಓದಿ.

ಟಯರಿನ ಮೈ ನೋಡಿ

ಬದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದ್ದರೆ ಒಳಗಿನ ನೂಲಿನ ಪದರ ಕಡಿದಿದೆ ಎಂದು ಅರ್ಥ. ಇದಕ್ಕೆ ಪ್ಯಾಚ್ ಇಲ್ಲ, ಒಳಗೆ ಹಳೇ ಟಯರಿನ ತುಂಡು ಇಟ್ಟು ಓಡಿಸುವ ಉಪಾಯವೂ ಬೇಡ. ತುಂಬಿದ ಬಕೆಟ್ ಮೇಲೆ ಇರುವಾಗ ಅದು ಒಡೆದರೆ ಗಾಡಿ ಆ ಬದಿಗೆ ವಾಲುತ್ತದೆ, ನಮ್ಮ ಕಡಿದಾದ ಬರೆಯ ಅಂಚಿನ ದಾರಿಯಲ್ಲಿ ಆಮೇಲೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಆ ಟಯರ್ ಅವತ್ತೇ ಕೆಳಗಿಳಿಸಿ.

ವಾಲ್ವಿನ ಬುಡದಲ್ಲೇ ಟ್ಯೂಬ್ ಹರಿಯುತ್ತಿದೆ ಎಂದರೆ ಬೇರೆ ರೋಗ. ರಿಮ್ ತಿರುಗುತ್ತದೆ, ಟಯರ್ ಅದರ ಜೊತೆ ತಿರುಗದೆ ಜಾರುತ್ತದೆ. ಟ್ಯೂಬ್ ಟಯರಿನ ಜೊತೆ ಹೋಗುತ್ತದೆ, ವಾಲ್ವ್ ರಿಮ್ಮಿನ ತೂತಿನಲ್ಲಿ ಸಿಕ್ಕಿ ಎಳೆಯುತ್ತದೆ. ಪರೀಕ್ಷೆ ಸುಲಭ. ಟಯರಿನಿಂದ ರಿಮ್ಮಿಗೆ ಅಡ್ಡಲಾಗಿ ಸುಣ್ಣದ ಕಡ್ಡಿಯಲ್ಲಿ ಒಂದು ಗೆರೆ ಎಳೆಯಿರಿ. ಅರ್ಧ ದಿನ ಮಣ್ಣು ತುಂಬಿ ಬಂದ ಮೇಲೆ ಗೆರೆ ಎರಡು ತುಂಡಾಗಿ ದೂರ ಸರಿದಿದ್ದರೆ ಜಾರುವುದು ಖಂಡಿತ. ಕಾರಣ ಕಮ್ಮಿ ಗಾಳಿ, ಇಲ್ಲವೇ ತುಕ್ಕು ತಿಂದ ರಿಮ್. ನಮ್ಮ ಮಳೆಗೆ, ಹಟ್ಟಿಯ ಗಂಜಲಕ್ಕೆ ರಿಮ್ಮಿನ ಅಂಚು ಬೇಗ ತಿನ್ನುತ್ತದೆ. ಟಯರ್ ಬಿಚ್ಚಿದಾಗ ಬ್ರಷ್ ಹಾಕಿ ಉಜ್ಜಿ, ಪೈಂಟ್ ಬಳಿದು, ಒಣಗಿದ ಮೇಲೆ ಕೂರಿಸಿ.

ಸವೆತ ನೋಡಿ ಹೇಳುವುದು ಇನ್ನೂ ಸುಲಭ. ಎರಡೂ ಭುಜ, ಅಂದರೆ ನೆಲಕ್ಕೆ ತಾಗುವ ಮೈಯ ಎರಡು ಅಂಚು, ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ ಅಥವಾ ಭಾರ ಜಾಸ್ತಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಬದಿ ಸವೆದಿದ್ದರೆ ಟೋ-ಇನ್ (ಎರಡು ಚಕ್ರ ಮುಂದಕ್ಕೆ ಸ್ವಲ್ಪ ಒಳಮುಖವಾಗಿರುವ ಅಳತೆ) ತಪ್ಪಿದೆ, ಅಥವಾ ಚಕ್ರ ತಿರುಗಿಸುವ ಸರಳಿನ, ಟೈ ರಾಡಿನ, ತುದಿ ಸಡಿಲ. ಚಕ್ರ ಎತ್ತಿ ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಇಲ್ಲದಿದ್ದರೆ ಹೊಸ ಟಯರೂ ಹಾಗೆಯೇ ಸವೆಯುತ್ತದೆ. ಹಬ್ಬಿನ ಹತ್ತಿರ ಎಣ್ಣೆ ಒಸರಿದ ಗುರುತು ಇದೆಯಾ ಎಂದೂ ಅದೇ ಹೊತ್ತಿಗೆ ನೋಡಿ.

ಗುಬುಟುಗಳು, ಅಂದರೆ ಟಯರಿನ ಮೈಯಿಂದ ಎದ್ದ ರಬ್ಬರ್ ಗಟ್ಟಿಗಳು, ಗರಗಸದ ಹಲ್ಲಿನ ಹಾಗೆ ಓರೆಯಾಗಿ ಸವೆದಿದ್ದರೆ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಿದ್ದೀರಿ. ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಇದ್ದರೆ ವಯಸ್ಸು. ಟಯರಿನ ಮೇಲೆ ತಯಾರಿಕೆಯ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಅಂಗಡಿಯಲ್ಲಿ ಹೊಸದು ಕೊಳ್ಳುವಾಗಲೂ ಇದನ್ನು ನೋಡಿಯೇ ಕೊಳ್ಳಿ. ಸಣ್ಣ ಟ್ರ್ಯಾಕ್ಟರಿನ ಮುಂದಿನ ಟಯರ್ ಬೇಗ ಖರ್ಚಾಗುವ ಮಾಲಲ್ಲ, ಮೂರ್ನಾಲ್ಕು ವರ್ಷ ಗೋಡೌನಿನಲ್ಲಿ ಕೂತದ್ದೂ ಕೈಗೆ ಬರಬಹುದು.

ತೂತು ಬೀಳುವುದು ಮಾತ್ರ ತೊಂದರೆಯಾದರೆ ದಾರಿ ನೋಡಿ, ಟಯರ್ ಅಲ್ಲ. ಕಡಿದ ಅಡಿಕೆ ಮರದ ಸೀಳು, ಓರೆಯಾಗಿ ಕೊಚ್ಚಿದ ಕಾಡುಗಿಡದ ಕುತ್ತಿ, ಆಗಷ್ಟೇ ಒಡೆದ ಮುರಕಲ್ಲಿನ ಅಂಚು. ಇವು ಎಂಥ ಟಯರನ್ನೂ ಬಿಡುವುದಿಲ್ಲ.

ತೂಕದ ಲೆಕ್ಕ

ಇದು ಯಾರೂ ಮಾಡದ ಲೆಕ್ಕ. ನಾನೂ ಮಾಡಿರಲಿಲ್ಲ.

ಜಲ್ಲಿ ಕ್ರಷರಿನ ವೇಬ್ರಿಜ್‌ಗೆ ಹೋಗಿ. ಮುಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ಬರುವ ಹಾಗೆ ನಿಲ್ಲಿಸಿ, ಹಿಂದಿನ ಚಕ್ರ ಹೊರಗೆ ಅದೇ ಮಟ್ಟದಲ್ಲಿ ಇರಬೇಕು. ಒಂದು ಸಲ ಹೀಗೆ, ಒಂದು ಸಲ ಪೂರ್ತಿ ಗಾಡಿ. ನನ್ನ ಗಾಡಿ ಲೋಡರ್ ಇಲ್ಲದೆ 900 ಕೆಜಿ, ಮುಂದೆ 360. ಲೋಡರ್ ಕಟ್ಟಿ ಖಾಲಿ ಬಕೆಟಿನಲ್ಲಿ ಒಟ್ಟು 1,180, ಮುಂದೆ 680. ಅಂದರೆ ಒಂದು ಹಿಡಿ ಮಣ್ಣು ತುಂಬುವ ಮೊದಲೇ ಮುಂದಿನ ಭಾರ ಹೆಚ್ಚುಕಮ್ಮಿ ಎರಡು ಪಟ್ಟು.

ಈಗ ಮಣ್ಣು. ಬಕೆಟ್ ಮುಂದಿನ ಆಕ್ಸಲಿಗಿಂತ ಮುಂದೆ ಚಾಚಿಕೊಂಡಿರುತ್ತದೆ. ಹಾಗಾಗಿ ಮಣ್ಣಿನ ತೂಕವಷ್ಟೇ ಅಲ್ಲ, ಹಿಂದಿನ ಚಕ್ರದಿಂದ ಎತ್ತಿದ ತೂಕವೂ ಮುಂದಿನ ಟಯರಿನ ತಲೆಗೆ ಬರುತ್ತದೆ. ತಕ್ಕಡಿ ಅಲ್ವಾ! ಟೇಪು ಹಿಡಿದು ಎರಡು ಅಳತೆ ತೆಗೆಯಿರಿ. ಮುಂದಿನ ಆಕ್ಸಲಿನಿಂದ ಬಕೆಟಿನ ನಡುವಿಗೆ ನನ್ನದರಲ್ಲಿ 1.2 ಮೀಟರ್. ಮುಂದಿನ ಆಕ್ಸಲಿನಿಂದ ಹಿಂದಿನದಕ್ಕೆ 1.6 ಮೀಟರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.75. ಬಕೆಟಿನಲ್ಲಿ 300 ಕೆಜಿ ಇದ್ದರೆ ಹಿಂದಿನಿಂದ ಎದ್ದು ಬರುವುದು 225. ಮುಂದೆ ಸೇರುವುದು 525.

680ಕ್ಕೆ 525 ಸೇರಿಸಿ, 1,205 ಕೆಜಿ. ಒಂದೊಂದು ಟಯರಿಗೆ 600 ದಾಟಿತು. ಅದೂ ಸಮತಟ್ಟು ಜಾಗದಲ್ಲಿ. ಓರೆಯಲ್ಲಿ, ತಿರುವಿನಲ್ಲಿ ಒಂದೇ ಟಯರ್ ಇದಕ್ಕಿಂತ ಜಾಸ್ತಿ ಹೊರುತ್ತದೆ. ನನ್ನ ಹಳೇ ಟಯರಿನ ಬದಿಯಲ್ಲಿ 78 ಎ6 ಎಂದಿತ್ತು. 78 ಎಂದರೆ 425 ಕೆಜಿ, ಎ6 ಎಂದರೆ ಗಂಟೆಗೆ 30 ಕಿಲೋಮೀಟರ್ ವೇಗದವರೆಗೆ. ನಿಧಾನಕ್ಕೆ ಹೋಗುವಾಗ ಇನ್ನಷ್ಟು ಹೊರಲು ತಯಾರಕರು ಬಿಡುತ್ತಾರೆ, ಅದರ ಪಟ್ಟಿ ಡೀಲರ್ ಹತ್ತಿರ ಕೇಳಿದರೆ ಸಿಗುತ್ತದೆ. ಆದರೆ 19 ಪಿಎಸ್‌ಐ ಗಾಳಿಯಲ್ಲಿ 600 ಕೆಜಿ ಹೊರಲು ಯಾವ ಪಟ್ಟಿಯೂ ಬಿಡುವುದಿಲ್ಲ.

300 ಕೆಜಿ ಎಲ್ಲಿಂದ ಬಂತು ಎಂದರೆ, ನನ್ನ ಬಕೆಟ್ 170 ಲೀಟರ್ ಹಿಡಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ನೀರು ಕುಡಿದ ಕೆಂಪು ಮಣ್ಣು ಲೀಟರಿಗೆ 1.8 ಕೆಜಿ ಆಸುಪಾಸು. ಅದೇ ಬಕೆಟಿನಲ್ಲಿ ಒಣಗಿದ ಸೊಪ್ಪು ಗೊಬ್ಬರ ತುಂಬಿದರೆ ಅರ್ಧವೂ ಬರುವುದಿಲ್ಲ. ಬೇಸಿಗೆಯಲ್ಲಿ ಗೊಬ್ಬರ ಹೊತ್ತ ಟಯರ್ ಮಳೆಗಾಲದಲ್ಲಿ ಬರೆ ಜರಿದ ಮಣ್ಣು ತೆಗೆಯಲು ಹೋದಾಗ ಒಡೆದದ್ದು ಯಾಕೆ ಎಂದು ಆಗ ಅರ್ಥವಾಯಿತು.

ಇನ್ನೊಂದು ಅಂಕಿ ಮರೆಯಬೇಡಿ. ಹಿಂದಿನ ಚಕ್ರದಲ್ಲಿ ಉಳಿದದ್ದು 275 ಕೆಜಿ ಮಾತ್ರ. ಸಣ್ಣ ಟ್ರ್ಯಾಕ್ಟರಿನ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ. ಹಗುರಾದ ಚಕ್ರ ಇಳಿಜಾರಿನಲ್ಲಿ ಜಾರುತ್ತದೆ. ತುಂಬಿದ ಬಕೆಟ್ ಹೊತ್ತು ಇಳಿಯುವಾಗ ಫೋರ್ ವೀಲ್ ಹಾಕಿಯೇ ಇರಬೇಕು, ಆಗ ಮುಂದಿನ ಚಕ್ರವೂ ಶಾಫ್ಟಿನ ಮೂಲಕ ತಡೆಯುತ್ತದೆ. ಬಕೆಟ್ ಮೊಣಕಾಲಿನ ಮಟ್ಟಕ್ಕಿಂತ ಕೆಳಗೆ. ಮತ್ತೆ, ಗುಡ್ಡೆಯ ಬದಿಯಲ್ಲಿ ನೀರಿಗಾಗಿ ಕೊರೆದ ಹಳೇ ಸುರಂಗ ಇರುವ ಮನೆಯವರು ಅದರ ಮಾಡಿನ ಮೇಲಿನಿಂದ ಗಾಡಿ ಬಿಡಬೇಡಿ. ಟಯರಿಗೂ ಇದಕ್ಕೂ ಸಂಬಂಧ ಇಲ್ಲ, ನೆನಪಾಯಿತು, ಹೇಳಿದೆ.

ಹಿಂದೆ ಎಂಟು ಕಲ್ಲು

ಟಯರಿಗಿಂತ ಮೊದಲು ದುಡ್ಡು ಹಾಕಬೇಕಾದದ್ದು ಹಿಂದಿನ ಭಾರಕ್ಕೆ. ಹಿಂದೆ ಮೂರು ಕೊಂಡಿಗೆ ಒಂದು ಪೆಟ್ಟಿಗೆ ಕಟ್ಟಿ ಭಾರ ಹಾಕಿದರೆ ತಕ್ಕಡಿ ಇತ್ತ ಬರುತ್ತದೆ. ಹಿಂದಿನ ಆಕ್ಸಲಿನಿಂದ 0.8 ಮೀಟರ್ ಹಿಂದೆ 250 ಕೆಜಿ ಇದ್ದರೆ ಮುಂದಿನಿಂದ 125 ಕೆಜಿ ಇಳಿಯುತ್ತದೆ, ಹಿಂದೆ 375 ಸೇರುತ್ತದೆ. ನಾನು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಂಜರ ಮಾಡಿಸಿ ಅದರಲ್ಲಿ ಎಂಟು ಮುರಕಲ್ಲು ಇಟ್ಟು ಸರಪಳಿ ಬಿಗಿದಿದ್ದೇನೆ. ಒಂದೊಂದು 30 ಕೆಜಿ ಆಸುಪಾಸು. ಬೇಡ ಎಂದಾಗ ಕಲ್ಲು ಇಳಿಸಿದರಾಯಿತು. ಡ್ರಮ್ಮಿನಲ್ಲಿ ಕಾಂಕ್ರೀಟ್ ಹಾಕುವವರು ಇದ್ದಾರೆ. 200 ಲೀಟರಿನ ಡ್ರಮ್ ಪೂರ್ತಿ ತುಂಬಿದರೆ 480 ಕೆಜಿ ಆಗುತ್ತದೆ, ಸಣ್ಣ ಗಾಡಿಗೆ ಅದು ಅತಿ. ಅರ್ಧ ಸಾಕು.

ಹಿಂದಿನ ಟಯರಿಗೆ ನೀರು ತುಂಬಿಸುವುದೂ ಒಳ್ಳೆಯದೇ. ವಾಲ್ವ್ ಮೇಲೆ ಬರುವಂತೆ ನಿಲ್ಲಿಸಿ ಮುಕ್ಕಾಲು ತುಂಬಬೇಕು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಬರೀ ನೀರು ಸಾಕು. ಆದರೆ ಒಂದು ವಿಷಯ ನೆನಪಿರಲಿ. ಈ ನೀರು ಹಿಂದಿನ ಚಕ್ರದ ಮೇಲೆಯೇ ಕೂರುತ್ತದೆ, ಗಾಡಿ ಮಗುಚುವುದನ್ನು ತಡೆಯುತ್ತದೆ, ಮುಂದಿನ ಟಯರಿನ ಭಾರ ಇಳಿಸುವುದಿಲ್ಲ. ಇಳಿಸುವುದು ಹಿಂದಿನ ಆಕ್ಸಲ್ ದಾಟಿ ನೇತಾಡುವ ಭಾರ ಮಾತ್ರ.

ದೊಡ್ಡ ಟಯರ್ ಹಾಕಿ ಕೆಟ್ಟದ್ದು

ಎರಡನೇ ಟಯರ್ ಹೋದಾಗ ನನಗೊಂದು ಬುದ್ಧಿ ಬಂತು. ಅದೇ ರಿಮ್ಮಿಗೆ ಕೂರುವ ಒಂದು ಅಳತೆ ದೊಡ್ಡದು ಹಾಕಿದರೆ ಜಾಸ್ತಿ ಹೊರುತ್ತದಲ್ಲ? ಜೋಡಿ ತಂದು ಹಾಕಿಸಿದೆ. ನೋಡಲು ಚಂದ. ಮೂರು ದಿನ ಕಳೆದು ಅಂಗಳದ ಗಟ್ಟಿ ನೆಲದಲ್ಲಿ ಫೋರ್ ವೀಲ್ ಲಿವರ್ ಬಿಡಿಸಲು ಹೋದರೆ ಬರಲೇ ಇಲ್ಲ. ಸ್ಟಿಯರಿಂಗ್ ಕಲ್ಲಿನ ಹಾಗೆ, ಕಾಲಡಿಯಿಂದ ಕಟ ಕಟ ಶಬ್ದ. ಹಿಂದಕ್ಕೆ ಒಂದು ಮಾರು ನಿಧಾನ ಹೋದ ಮೇಲೆ ಲಿವರ್ ಟಪ್ ಎಂದು ಬಿಟ್ಟಿತು.

ಆದದ್ದು ಇಷ್ಟು. ಫೋರ್ ವೀಲಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದು ಚೂರು ವೇಗವಾಗಿ ಎಳೆಯುವಂತೆ ಗೇರ್ ಇಟ್ಟಿರುತ್ತಾರೆ. ಶೇಕಡಾ 1ರಿಂದ 5ರೊಳಗೆ ಇದ್ದರೆ ಸರಿ. ಟಯರಿನ ಸುತ್ತಳತೆ ಬದಲಾದರೆ ಈ ಲೆಕ್ಕ ತಪ್ಪುತ್ತದೆ, ಮುಂದೂ ಹಿಂದೂ ಪರಸ್ಪರ ಜಗ್ಗಾಡುತ್ತವೆ. ಕೆಸರಿನಲ್ಲಿ ಟಯರ್ ಜಾರಿ ಸುಧಾರಿಸಿಕೊಳ್ಳುತ್ತದೆ. ಗಟ್ಟಿ ಮುರಕಲ್ಲಿನ ಮೇಲೆ ಜಾರುವುದಿಲ್ಲ, ಒಳಗಿನ ಗೇರು ಶಾಫ್ಟು ತಿರುಚಿಕೊಳ್ಳುತ್ತವೆ.

ಅಳೆಯುವುದು ಹೀಗೆ. ಟಯರಿಗೆ ಸುಣ್ಣದ ಗುರುತು ಹಾಕಿ, ಫೋರ್ ವೀಲ್ ಬಿಡಿಸಿ, ಪೂರ್ತಿ ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಅದು ಎಷ್ಟು ದೂರ ಹೋಯಿತು ಎಂದು ಟೇಪಿನಲ್ಲಿ ನೋಡಿ. ಹಿಂದಿನದು ನನಗೆ 3.10 ಮೀಟರ್, ಮುಂದಿನ ಹಳೇ ಅಳತೆಯ ಹೊಸ ಟಯರ್ 1.98. ಹಿಂದಿನ ಚಕ್ರ ಒಂದು ಸುತ್ತುವಾಗ ಮುಂದಿನದು ಎಷ್ಟು ಸುತ್ತಬೇಕು ಎಂಬ ಗೇರ್ ಅನುಪಾತ ನನ್ನ ಗಾಡಿಗೆ 1.60. ನಿಮ್ಮದನ್ನು ಪುಸ್ತಕದಲ್ಲಿ ನೋಡಿ ಅಥವಾ ಡೀಲರನ್ನು ಕೇಳಿ. 1.98 ಗುಣಿಸು 1.60 ಎಂದರೆ 3.168. ಇದು 3.10ಕ್ಕಿಂತ ಶೇಕಡಾ 2.2 ಜಾಸ್ತಿ, ಸರಿಯಾಗಿದೆ. ನಾನು ಹಾಕಿಸಿದ ದೊಡ್ಡ ಟಯರ್ 2.14. ಅದಕ್ಕೆ 3.424, ಅಂದರೆ ಶೇಕಡಾ 10.5. ಲಿವರ್ ಸಿಕ್ಕಿಹಾಕಿಕೊಳ್ಳದೆ ಏನು ಮಾಡೀತು?

ಸವೆದ ಟಯರಿಗೂ ಇದೇ ಲೆಕ್ಕ. ಮುಂದಿನದು 1.90ಕ್ಕೆ ಇಳಿದರೆ 3.04, ಹಿಂದಿನದಕ್ಕಿಂತ ಕಮ್ಮಿ. ಆಗ ಮುಂದಿನ ಚಕ್ರ ಎಳೆಯುವ ಬದಲು ಬ್ರೇಕ್ ಹಾಕಿದಂತೆ ತಡೆಯುತ್ತದೆ. ಹಿಂದೆ ಮಾತ್ರ ಹೊಸ ಟಯರ್ ಹಾಕಿಸಿ ಮುಂದೆ ಬೋಳು ಬಿಟ್ಟವರಿಗೆ ಬರುವ ತೊಂದರೆ ಇದು. ಮುಂದೆ ಬದಲಿಸುವುದಾದರೆ ಎರಡನ್ನೂ ಜೋಡಿಯಾಗಿ, ಒಂದೇ ಕಂಪೆನಿಯ ಒಂದೇ ಮಾದರಿ ಹಾಕಿ. ಒಂದೇ ಅಳತೆ ಬರೆದಿದ್ದರೂ ಬೇರೆ ಬೇರೆ ಕಂಪೆನಿಯ ಟಯರಿನ ಸುತ್ತಳತೆ ಒಂದೇ ಇರುವುದಿಲ್ಲ.

ಹಾಗಾದರೆ ಯಾವುದು?

ಟೂ ವೀಲ್ ಡ್ರೈವ್ ಗಾಡಿಗೆ ಮುಂದೆ ಉದ್ದ ಗೆರೆಯ ಟಯರ್, ಅದರಲ್ಲಿ ಪ್ಲೈ, ಅಂದರೆ ಟಯರಿನ ಬಲದ ಅಂಕಿ, ನೋಡುವುದು ಬಿಟ್ಟರೆ ಜಾಸ್ತಿ ಆಯ್ಕೆ ಇಲ್ಲ. ಫೋರ್ ವೀಲಿಗೆ ಮೂರು ಜಾತಿ. ಆರ್-1 ಎಂದರೆ ನಾವು ದಿನಾ ನೋಡುವ ಎತ್ತರ ಗುಬುಟಿನ ಕೃಷಿ ಟಯರ್. ಆರ್-3 ಹುಲ್ಲುಹಾಸಿನದು, ಲೋಡರಿಗೆ ಅದರ ಮಾತೇ ಬೇಡ. ಆರ್-4 ಕೈಗಾರಿಕಾ ಟಯರ್, ಗುಬುಟು ಗಿಡ್ಡ, ಅಗಲ, ಬದಿ ಗಟ್ಟಿ.

ಲೋಡರ್ ಎಂದ ಕೂಡಲೇ ಆರ್-4 ಹಾಕಿ ಅನ್ನುವವರು ಸಿಗುತ್ತಾರೆ. ಗಟ್ಟಿ ನೆಲದಲ್ಲಿ ದಿನವಿಡೀ ಲೋಡರ್ ಕೆಲಸವೇ ಆದರೆ ಅವರು ಹೇಳಿದ್ದು ನಿಜ. ಭಾರ ಹೊರುತ್ತದೆ, ನಿಧಾನ ಸವೆಯುತ್ತದೆ, ಕಲ್ಲಿನ ಪೆಟ್ಟು ತಾಳುತ್ತದೆ. ಆದರೆ ತೋಟದ ಕೆಸರಿನಲ್ಲಿ ಅದರ ಗಿಡ್ಡ ಗುಬುಟಿನ ನಡುವೆ ಮಣ್ಣು ಮೆತ್ತಿ ಟಯರ್ ನುಣ್ಣಗಾಗುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಕಣಿಯ ಬದಿ ಹೇಗಿರುತ್ತದೆ ಎಂದು ಗೊತ್ತಲ್ಲ. ಮತ್ತೆ ಆರ್-4 ಅಗಲ ಜಾಸ್ತಿ, ಬಹುಪಾಲು ಬೇರೆ ರಿಮ್ ಬೇಕು, ಸುತ್ತಳತೆಯ ಲೆಕ್ಕಕ್ಕೆ ಹಿಂದಿನ ಟಯರನ್ನೂ ಹೊಂದಿಸಬೇಕು. ಎಲ್ಲ ಸಣ್ಣ ಅಳತೆಯಲ್ಲೂ ಸಿಗುವುದೂ ಇಲ್ಲ. ನಾಲ್ಕು ಟಯರ್, ನಾಲ್ಕು ರಿಮ್ ಎಂದು ಲೆಕ್ಕ ಹಾಕಿ ನಾನು ಸುಮ್ಮನಾದೆ.

ತೋಟವೂ ಬೇಕು, ಲೋಡರೂ ಬೇಕು ಅನ್ನುವ ನಮ್ಮಂಥವರಿಗೆ ನನ್ನ ಆಯ್ಕೆ, ಕಂಪೆನಿ ಕೊಟ್ಟ ಅಳತೆಯಲ್ಲೇ ಜಾಸ್ತಿ ಪ್ಲೈ ರೇಟಿಂಗಿನ ಆರ್-1. ಪ್ಲೈ ಅಂಕಿ ಎಂದರೆ ಒಳಗೆ ಅಷ್ಟೇ ಪದರ ಇದೆ ಎಂದಲ್ಲ, ಅಷ್ಟು ಬಲ ಎಂದು ಅರ್ಥ. 8 ಪ್ಲೈಯದ್ದು ಸಿಕ್ಕಿತು, ಭಾರದ ಅಂಕಿ 86, ಎಂದರೆ 530 ಕೆಜಿ. ಹಿಂದೆ ಕಲ್ಲಿನ ಪಂಜರ ಕಟ್ಟಿ, ಒದ್ದೆ ಮಣ್ಣಿಗೆ ಬಕೆಟ್ ಮುಕ್ಕಾಲೇ ತುಂಬುವುದು ಎಂದು ನಿಯಮ ಮಾಡಿಕೊಂಡೆ. ಮುಕ್ಕಾಲು ಎಂದರೆ 225 ಕೆಜಿ. ಆಗ ಮುಂದಿನ ಭಾರ 949, ಒಂದು ಟಯರಿಗೆ 475. ಓರೆ ನೆಲಕ್ಕೆ ಸ್ವಲ್ಪ ಉಳಿತಾಯವೂ ಆಯಿತು. ಜಾಸ್ತಿ ಪ್ಲೈಯ ಟಯರಿಗೆ ಅದರ ಬದಿಯಲ್ಲಿ ಬರೆದ ಜಾಸ್ತಿ ಗಾಳಿಯನ್ನೇ ಹಾಕಬೇಕು. ಹಳೇ ಒತ್ತಡ ಇಟ್ಟರೆ ಕೊಟ್ಟ ದುಡ್ಡು ದಂಡ.

ಟಯರ್ ಗಟ್ಟಿ ಮಾಡಿದರೆ ಆಕ್ಸಲ್ ಗಟ್ಟಿಯಾಗುವುದಿಲ್ಲ ಎಂಬುದೊಂದು ಎಚ್ಚರ ಇರಲಿ. ಪುಸ್ತಕದಲ್ಲಿ ಮುಂದಿನ ಆಕ್ಸಲಿನ ಗರಿಷ್ಠ ಭಾರ ಕೊಟ್ಟಿರುತ್ತಾರೆ, ನಿಮ್ಮ ಲೆಕ್ಕ ಅದರ ಒಳಗೇ ಇರಬೇಕು. ಮೆತ್ತಗಿನ ಟಯರ್ ಕುಗ್ಗಿ ಹೇಳುತ್ತಿದ್ದ ಎಚ್ಚರಿಕೆ ಗಟ್ಟಿ ಟಯರ್ ಹೇಳುವುದಿಲ್ಲ, ಸೀದಾ ಬೇರಿಂಗಿಗೆ ಕೊಡುತ್ತದೆ. ರಿಮ್ ತಿರುಗಿಸಿ ಹಾಕಿ ಚಕ್ರ ಅಗಲ ಮಾಡುವುದೂ ಲೋಡರ್ ಗಾಡಿಗೆ ಬೇಡ, ಅದೂ ಬೇರಿಂಗಿನ ಮೇಲೆಯೇ ಹೋಗುತ್ತದೆ.

ಬದಲಿಸುವಾಗ

ಬಕೆಟ್ ನೆಲಕ್ಕೆ ಒತ್ತಿ ಮುಂಭಾಗ ಎತ್ತಿ ಟಯರ್ ಬಿಚ್ಚುವವರನ್ನು ನೋಡಿದ್ದೇನೆ. ಪೈಪ್ ಒಂದು ಬಿಟ್ಟರೆ ಗಾಡಿ ಕೆಳಗೆ. ಜ್ಯಾಕ್ ಇಟ್ಟು ಎತ್ತಿ, ಆಕ್ಸಲಿನ ಅಡಿಗೆ ಗಟ್ಟಿ ಮರದ ದಿಮ್ಮಿ ಕೊಡಿ. ಅಂಗಳದಲ್ಲಿ ಬಿದ್ದಿದೆ ಎಂದು ಮುರಕಲ್ಲು ಕೊಡಬೇಡಿ. ಗೋಡೆಗೆ ಆ ಕಲ್ಲು ಸರಿ, ಒಂದೇ ಕಡೆ ಭಾರ ಬಿದ್ದರೆ ಪುಡಿಯಾಗುತ್ತದೆ.

ಟಯರಿನ ಬದಿಯ ಬಾಣ ಮುಂದಕ್ಕೆ ತಿರುಗುವ ದಿಕ್ಕಿಗೆ ಇರಲಿ. ಕೂರಿಸಿದ ಮೇಲೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟಯರ್ ಲೋಡರಿನ ಕಂಬಕ್ಕೆ ತಾಗುತ್ತದೆಯಾ ನೋಡಿ. ಒಂದು ಗಂಟೆ ಓಡಿಸಿ ಬೋಲ್ಟು ಮತ್ತೆ ಬಿಗಿ ಮಾಡಿ, ಮರುದಿನ ಇನ್ನೊಂದು ಸಲ. ಟಯರಿನಿಂದ ರಿಮ್ಮಿಗೆ ಸುಣ್ಣದ ಗೆರೆ ಎಳೆದಿಡಿ.

ಈ ಜೋಡಿ ಹಾಕಿ ಎರಡು ಮಳೆಗಾಲ ಕಳೆಯಿತು. ಉಬ್ಬಿಲ್ಲ, ಗೆರೆ ಸರಿದಿಲ್ಲ. ಎಡದ್ದಕ್ಕಿಂತ ಬಲದ ಟಯರಿನ ಭುಜ ಸ್ವಲ್ಪ ಜಾಸ್ತಿ ಸವೆದಿದೆ. ಟೋ-ಇನ್ ನೋಡಿದೆ, ಸರಿ ಇದೆ. ಗೊಬ್ಬರದ ಗುಂಡಿಯಿಂದ ತೋಟಕ್ಕೆ ತಿರುಗುವಲ್ಲಿ ಸಂಕದ ಹತ್ತಿರ ಯಾವಾಗಲೂ ತುಂಬಿದ ಬಕೆಟಿನಲ್ಲಿ ಎಡಕ್ಕೇ ತಿರುಗಿಸುತ್ತೇನೆ, ಭಾರ ಬಲಕ್ಕೆ ಬೀಳುತ್ತದೆ. ದಾರಿ ಆಚೆಯಿಂದ ಮಾಡಬೇಕಾದರೆ ನಾಲ್ಕು ಅಡಿಕೆ ಮರ ಕಡಿಯಬೇಕು. ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.